ಹಳೆಯ ಜಿಪ್ಸಿಯ ಸ್ಟೀರಿಂಗ್ ನಡುಕ: ಮೊದಲು ಆಕ್ಸಲ್, ಕೊನೆಗೆ ಟೈರ್

ಗಾಡಿ ಗಂಟೆಗೆ 50–60 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ರಸ್ತೆಯಲ್ಲೊಂದು ಸಣ್ಣ ಗುಂಡಿ ಸಿಕ್ಕಿದ್ದೇ ತಡ, ಮುಂದಿನ ಎರಡೂ ಚಕ್ರ ಎಡಬಲಕ್ಕೆ ಒದ್ದಾಡಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ನಡುಗುತ್ತದೆ. ವೇಗ ಪೂರ್ತಿ ಇಳಿಯುವವರೆಗೂ ನಡುಕ ಬಿಡುವುದಿಲ್ಲ. ಗ್ಯಾರೇಜಿನವರು ಇದನ್ನು ವಾಬ್ಲಿಂಗ್ ಎನ್ನುತ್ತಾರೆ. ಹಳೆಯ ಮಾರುತಿ ಜಿಪ್ಸಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇದಕ್ಕೆ ಮೊದಲು ಹುಡುಕುವ ಮದ್ದು ಹೊಸ ಟೈರು. ಟೈರು ಬಂದ ಮೇಲೆ ಕೆಲವು ವಾರ ನಡುಕ ಅಡಗುತ್ತದೆ, ಮತ್ತೆ ಶುರುವಾಗುತ್ತದೆ. ಅಷ್ಟರಲ್ಲಿ ಹೊಸ ಟೈರಿನ ಅಂಚು ಗರಗಸದ ಹಲ್ಲಿನಂತೆ ಸವೆದು ಹಣವೂ ಹಾಳಾಗಿರುತ್ತದೆ.

ಜಿಪ್ಸಿಯ ಮುಂದಿನ ಆಕ್ಸಲ್, ಅಂದರೆ ಎರಡು ಚಕ್ರಗಳ ನಡುವಿನ ಅಡ್ಡ ದಂಡ, ಒಂದೇ ತುಂಡಿನದು. ಎರಡೂ ಚಕ್ರಗಳನ್ನು ಟೈ ರಾಡ್ ಎಂಬ ಒಂದೇ ಸರಳು ಜೋಡಿಸುತ್ತದೆ. ಹಾಗಾಗಿ ಒಂದು ಕಡೆ ಎದ್ದ ಅಲುಗಾಟ ಇನ್ನೊಂದು ಕಡೆಗೆ ದಾಟಿ, ತಿರುಗಿ ಬಂದು, ಬೆಳೆಯುತ್ತಾ ಹೋಗುತ್ತದೆ. ಬಿಗಿಯಾದ ಆಕ್ಸಲ್ ಈ ಅಲುಗಾಟವನ್ನು ನುಂಗಿಬಿಡುತ್ತದೆ, ಸಡಿಲವಾದದ್ದು ಬೆಳೆಸುತ್ತದೆ. ಅದಕ್ಕಾಗಿ ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ: ಮೊದಲು ತಪಾಸಣೆ, ಆಮೇಲೆ ಕೀಲುಗಳು, ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ), ಬೇರಿಂಗ್, ಬುಷ್ (ಸ್ಪ್ರಿಂಗಿನ ತುದಿಯ ರಬ್ಬರ್ ತೋಳು), ಅವೆಲ್ಲ ಮುಗಿದ ಮೇಲೆ ಟೈರು, ಕಟ್ಟಕಡೆಗೆ ಟೋ ಅಳತೆ (ಮುಂದಿನ ಎರಡು ಚಕ್ರಗಳ ನಡುವಣ ಅಂತರ ಮುಂದೆ, ಹಿಂದೆ ಎಷ್ಟು ಬೇರೆ ಎಂಬುದು).

ರಿಪೇರಿ ಆಗುವವರೆಗೆ ಓಡಿಸಲೇಬೇಕಾದರೆ ಒಂದು ಮಾತು. ನಡುಕ ಎದ್ದಾಗ ಬ್ರೇಕ್ ಜಪ್ಪಿ ಒತ್ತಬೇಡಿ. ಎರಡೂ ಕೈಯಲ್ಲಿ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ನಿಧಾನಕ್ಕೆ ಬ್ರೇಕ್ ಒತ್ತುತ್ತಾ ವೇಗ ಇಳಿಸಿ.

## ಕೆಲಸಕ್ಕೆ ಕೂರುವ ಮುನ್ನ ಕೈಯಳತೆಯಲ್ಲಿ ಇರಬೇಕಾದ್ದು

2 ಟನ್ನಿನ ಹೈಡ್ರಾಲಿಕ್ ಜಾಕ್, ಅಷ್ಟೇ ಸಾಮರ್ಥ್ಯದ ಎರಡು ಆಕ್ಸಲ್ ಸ್ಟ್ಯಾಂಡ್, ಹಿಂಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು. ಸ್ಟ್ಯಾಂಡ್ ಇಲ್ಲದೆ ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ. ಅವು ಯಾವ ಸೂಚನೆಯೂ ಕೊಡದೆ ಒಡೆಯುತ್ತವೆ.

ಸಾಕೆಟ್ ಸೆಟ್ಟಿನಲ್ಲಿ 10, 12, 14, 17, 19 ಮಿ.ಮೀ. ಬೇಕು. ಜೊತೆಗೆ ಟಾರ್ಕ್ ರೆಂಚ್, ಸರ್ಕ್ಲಿಪ್ ಇಕ್ಕಳ, ಬಾಲ್ ಜಾಯಿಂಟ್ ಪುಲ್ಲರ್, ಹಬ್ (ಚಕ್ರದ ನಡುಭಾಗ) ನಟ್ಟಿನ ಸಾಕೆಟ್, ಹಿತ್ತಾಳೆ ಸರಳು, ಮತ್ತು 5 ಕೆ.ಜಿ. ವರೆಗೆ ತೂಗುವ ಸ್ಪ್ರಿಂಗ್ ತಕ್ಕಡಿ. ತಕ್ಕಡಿ ಯಾಕೆ ಅನ್ನಿಸಬಹುದು. ಈ ಇಡೀ ಕೆಲಸ ಸರಿ ಹೋಗುವುದೂ ಕೆಡುವುದೂ ಅದರ ಮೇಲೆಯೇ.

ಸಾಮಾನು: ಎರಡೂ ಬದಿಗೆ ಸೇರಿ ನಾಲ್ಕು ಕಿಂಗ್ ಪಿನ್ ಬೇರಿಂಗ್, ಎರಡು ನಕಲ್ (ಕಿಂಗ್ ಪಿನ್ ಮೇಲೆ ತಿರುಗುತ್ತಾ ಚಕ್ರವನ್ನು ಹೊರುವ ಭಾಗ) ಸೀಲ್ ಸೆಟ್, ಎರಡು ಆಕ್ಸಲ್ ಒಳ ಆಯಿಲ್ ಸೀಲ್, ಹಬ್ ಸೀಲ್, ಕಿಂಗ್ ಪಿನ್ ಶಿಮ್ (ಬಿಗಿತ ಹೊಂದಿಸುವ ತೆಳು ಲೋಹದ ಹಾಳೆ) ಒಂದಷ್ಟು, ಒಂದು ಕೆ.ಜಿ. ಒಳ್ಳೆಯ ಲಿಥಿಯಂ ಗ್ರೀಸ್, ಹೊಸ ಲಾಕ್ ವಾಷರ್, ಹೊಸ ಸ್ಪ್ಲಿಟ್ ಪಿನ್. ಒಂದೇ ಬದಿಗೆ ಸಾಕೆಂದು ಅರ್ಧ ಸಾಮಾನು ತರಬೇಡಿ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಎಂದಾದರೆ ನಡುಕ ಹೋಗುವುದಿಲ್ಲ.

## ಹಂತ 1: ಸಡಿಲ ಎಲ್ಲಿದೆ ಅಂತ ಕಂಡುಹಿಡಿಯುವುದು

ಏನನ್ನೂ ಬಿಚ್ಚುವ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ.

ಚಕ್ರ ನೆಲದ ಮೇಲೇ ಇರಲಿ. ಒಬ್ಬರು ಒಳಗೆ ಕೂತು ಸ್ಟೀರಿಂಗ್ ಅನ್ನು ಎಡಬಲಕ್ಕೆ ಚಿಕ್ಕದಾಗಿ, ಬೇಗಬೇಗ ಆಡಿಸಲಿ. ನೀವು ಕೆಳಗೆ ಬಗ್ಗಿ ಸ್ಟೀರಿಂಗ್ ಬಾಕ್ಸಿನಿಂದ ಶುರು ಮಾಡಿ ಬಾಕ್ಸನ್ನು ಚಕ್ರದ ಕಡೆಗೆ ಜೋಡಿಸುವ ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ ಹೀಗೆ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಿ. ಒಂದು ಭಾಗ ಅಲುಗಿ ಪಕ್ಕದ್ದು ತಡವಾಗಿ ಅಲುಗಿದರೆ ಸಡಿಲ ಅಲ್ಲೇ ಇದೆ. ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂರುವ ಬೋಲ್ಟುಗಳನ್ನೂ ಅದರ ಸುತ್ತ ಚಾಸಿಯಲ್ಲಿ ಬಿರುಕಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ತುಕ್ಕಿನ ನಡುವೆ ಕೂದಲಿನಷ್ಟು ತೆಳು ಗೆರೆ ಕಂಡರೂ ವೆಲ್ಡರ್ ಹತ್ತಿರ ಹೋಗುವ ತನಕ ಮುಂದಿನ ಕೆಲಸ ಬೇಡ.

ಈಗ ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರವನ್ನು ಗಡಿಯಾರದ ಮುಖ ಅಂದುಕೊಳ್ಳಿ. 3 ಮತ್ತು 9ರ ಜಾಗದಲ್ಲಿ ಹಿಡಿದು ಆಡಿಸಿದಾಗ ಸಡಿಲ ಕಂಡರೆ ಟೈ ರಾಡ್ ಕೀಲು. 12 ಮತ್ತು 6ರಲ್ಲಿ ಹಿಡಿದಾಗ ಕಂಡರೆ ಹಬ್ ಬೇರಿಂಗ್ ಇಲ್ಲವೇ ಕಿಂಗ್ ಪಿನ್. ಇವೆರಡರಲ್ಲಿ ಯಾವುದು ಎಂಬಲ್ಲೇ ಜನ ಎಡವುವುದು. ಜೊತೆಗಾರರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಆಡಿಸಿ. ಸಡಿಲ ಮಾಯವಾದರೆ ತಪ್ಪು ಹಬ್ ಬೇರಿಂಗಿನದು. ಬ್ರೇಕ್ ಒತ್ತಿದರೂ ಹಾಗೇ ಉಳಿದರೆ ಕಿಂಗ್ ಪಿನ್ನಿನದು.

ಕಿಂಗ್ ಪಿನ್ನಿಗೆ ಇನ್ನೊಂದು ಪರೀಕ್ಷೆ ಇದೆ. ಟೈ ರಾಡ್ ಬಿಡಿಸಿ ಚಕ್ರವನ್ನು ಕೈಯಿಂದ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸಿ. ನೇರ ದಿಕ್ಕಿಗೆ ಬಂದಾಗ ಒಂದು ಹಳ್ಳದಲ್ಲಿ ಕೂತಂತೆ ಕಚ್ಚಿಕೊಂಡರೆ, ಬೇರಿಂಗಿನ ರೋಲರುಗಳು ತಾವು ಉರುಳುವ ಹೊರ ಉಂಗುರದಲ್ಲಿ (ಕಪ್) ಗುಳಿ ಮಾಡಿವೆ. ವರ್ಷಗಟ್ಟಲೆ ನೇರ ರಸ್ತೆಯ ಹೊಡೆತ ತಿಂದದ್ದರ ಗುರುತು ಅದು. ಅಂಥ ಬೇರಿಂಗನ್ನು ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಿಸಲೇಬೇಕು.

## ಹಂತ 2: ಟೈ ರಾಡ್, ಡ್ರ್ಯಾಗ್ ಲಿಂಕ್, ಸ್ಟೀರಿಂಗ್ ಬಾಕ್ಸ್

ರಬ್ಬರ್ ಬೂಟ್ ಹರಿದ ಕೀಲಿನೊಳಗೆ ಮಳೆಗಾಲದ ಕೆಸರು ಸೇರಿರುತ್ತದೆ. ಇವತ್ತು ಸಡಿಲ ಇಲ್ಲದಿದ್ದರೂ ಬದಲಿಸಿ. ಕೀಲು ಬಿಡಿಸಲು ಪುಲ್ಲರ್ ಬಳಸಿ, ಸುತ್ತಿಗೆಯಿಂದ ನೇರ ಥ್ರೆಡ್ಡಿನ ತಲೆಗೆ ಹೊಡೆಯಬೇಡಿ. ಹೊಸ ತುದಿ ಹಾಕುವ ಮುನ್ನ ಹಳೆಯದು ಎಷ್ಟು ಸುತ್ತು ತಿರುಗಿ ಹೊರಬಂತೆಂದು ಎಣಿಸಿ ಬರೆದಿಡಿ, ಹೊಸದನ್ನು ಅಷ್ಟೇ ಸುತ್ತು ಒಳಗೆ ಕಳಿಸಿ. ಟೈ ರಾಡಿನ ಒಂದು ತುದಿಗೆ ಎಡಗೈ ಥ್ರೆಡ್ ಇದೆ ಎಂಬುದು ನೆನಪಿರಲಿ. ಅಂಗಡಿಯಲ್ಲಿ ಎರಡೂ ಬಲಗೈ ತುದಿಯನ್ನೇ ಕಟ್ಟಿಕೊಟ್ಟ ಉದಾಹರಣೆ ಬೇಕಾದಷ್ಟಿವೆ.

ಸ್ಟೀರಿಂಗ್ ಚಕ್ರದ ಅಂಚಿನಲ್ಲಿ 10ರಿಂದ 30 ಮಿ.ಮೀ. ಆಟ ಸಹಜ. ಅದಕ್ಕಿಂತ ಹೆಚ್ಚಿದ್ದು, ಉಳಿದ ಕೀಲುಗಳೆಲ್ಲ ಗಟ್ಟಿ ಇದ್ದರೆ ಮಾತ್ರ ಬಾಕ್ಸಿನ ಮೇಲಿನ ಹೊಂದಾಣಿಕೆ ಸ್ಕ್ರೂ ಮುಟ್ಟಿ. ಚಕ್ರ ನೇರವಾಗಿರುವಾಗ, ಲಾಕ್ ನಟ್ ಸಡಿಲಿಸಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ. ಜಾಸ್ತಿ ಬಿಗಿದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಒಳಗಿನ ಗೇರ್ ಬೇಗ ಸವೆಯುತ್ತದೆ.

ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅಲುಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿ ನಡುಕ ನಿಲ್ಲಿಸಿಕೊಡುತ್ತೇವೆ ಎನ್ನುವವರಿಗೆ ಬೇಡ ಅನ್ನಿ. ಅದು ರೋಗವನ್ನು ಕಾಣದಂತೆ ಮಾಡುತ್ತದೆ. ಒಳಗೆ ಸವೆತ ಮುಂದುವರಿದೇ ಇರುತ್ತದೆ.

## ಹಂತ 3: ಹಬ್ ಬಿಚ್ಚುವುದು

ಮುಂದಿನ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ) ಆಯಿಲನ್ನು ಮೊದಲೇ ಇಳಿಸಿಬಿಡಿ, ಇಲ್ಲದಿದ್ದರೆ ಶಾಫ್ಟ್ ಎಳೆದಾಗ ನೆಲವೆಲ್ಲ ಎಣ್ಣೆ. ತುಂಬುವ ಪ್ಲಗ್ ಸಡಿಲವಾಗುತ್ತದೆಯೇ ನೋಡಿಕೊಂಡು ಆಮೇಲೆ ಕೆಳಗಿನ ಪ್ಲಗ್ ತೆಗೆಯಿರಿ. ಎಣ್ಣೆಯೆಲ್ಲ ಹೋದ ಮೇಲೆ ಮೇಲಿನ ಪ್ಲಗ್ ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ಕೂತಿತು.

ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಹೋಸ್ ಪೈಪಿನಲ್ಲಿ ತೂಗಾಡಲು ಬಿಡಬೇಡಿ. ಫ್ರೀ ವೀಲ್ ಹಬ್ (ಮುಂಚಕ್ರವನ್ನು ಶಾಫ್ಟಿನಿಂದ ಬಿಡಿಸಬಲ್ಲ ಹಬ್) ಇದ್ದರೆ ಅದರ ಮುಚ್ಚಳ, ಇಲ್ಲದಿದ್ದರೆ ಡ್ರೈವ್ ಫ್ಲಾಂಜಿನ ಮುಚ್ಚಳ ತೆಗೆದು, ಶಾಫ್ಟ್ ತುದಿಯ ಸರ್ಕ್ಲಿಪ್ ಬಿಡಿಸಿ. ಬಿಚ್ಚಿದ ವಾಷರುಗಳನ್ನು ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಲಾಕ್ ವಾಷರಿನ ಮಡಚಿದ ಕಿವಿ ನೇರ ಮಾಡಿದ ಮೇಲೆ ಹಬ್ ನಟ್ಟನ್ನು ಅದರದೇ ಸಾಕೆಟ್ಟಿನಿಂದ ತೆಗೆಯಿರಿ. ಉಳಿ ಇಟ್ಟು ಸುತ್ತಿಗೆಯಿಂದ ತಿರುಗಿಸಿದ ನಟ್ಟಿನ ಅಂಚು ಹಾಳಾಗುತ್ತದೆ, ಚೂರುಗಳು ಬೇರಿಂಗಿಗೆ ಬೀಳುತ್ತವೆ, ಮುಂದೆ ಸರಿಯಾದ ಬಿಗಿತ ಕೊಡಲು ಆಗುವುದೇ ಇಲ್ಲ.

ಹಬ್, ಡಿಸ್ಕ್ ಹೊರಬಂದ ಮೇಲೆ ಸ್ಪಿಂಡಲ್ (ಹಬ್ ಕೂರುವ ಟೊಳ್ಳು ಕೊಳವೆ) ಬೋಲ್ಟ್ ಬಿಚ್ಚಿ ಸ್ಪಿಂಡಲ್ ತೆಗೆದು, ಶಾಫ್ಟನ್ನು ಎರಡೂ ಕೈಯಲ್ಲಿ ಆನಿಸಿಕೊಂಡು ನೇರಕ್ಕೆ ಎಳೆಯಿರಿ. ನಕಲ್ ಒಳಗಿನ ಗ್ರೀಸ್ ಹೇಗಿದೆ ನೋಡಿ. ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಪ್ಪು ನೀರಿನಂತೆ ಸುರಿದರೆ ಆಕ್ಸಲ್ ಒಳ ಸೀಲ್ ಹೋಗಿ ಡಿಫರೆನ್ಷಿಯಲ್ ಆಯಿಲ್ ಇಲ್ಲಿಗೆ ಬಂದಿದೆ. ಕಂದು ಕೆಸರಿನಂತಿದ್ದರೆ ಹೊರಗಿನ ನಕಲ್ ಸೀಲ್ ಹರಿದು ನೀರು ಸೇರಿದೆ.

## ಹಂತ 4: ಕಿಂಗ್ ಪಿನ್ ಬೇರಿಂಗ್

ಮೇಲೊಂದು, ಕೆಳಗೊಂದು ಕಿಂಗ್ ಪಿನ್. ಒಂದೊಂದಕ್ಕೂ ನಾಲ್ಕು ಬೋಲ್ಟ್. ತೆಗೆಯುವ ಮುನ್ನ ಮೇಲಿನದಕ್ಕೆ ಒಂದು ಚುಕ್ಕಿ, ಕೆಳಗಿನದಕ್ಕೆ ಎರಡು ಚುಕ್ಕಿ ಹೊಡೆದುಕೊಳ್ಳಿ. ಪ್ರತಿ ಪಿನ್ನಿನ ಕೆಳಗಿದ್ದ ಶಿಮ್ಮುಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿಡಿ.

ನಕಲ್ ಹೊರಬಂದ ಮೇಲೆ ಹಳೆಯ ಬೇರಿಂಗ್ ಕಪ್ಪನ್ನು ಹಿತ್ತಾಳೆ ಸರಳಿನಿಂದ ಸುತ್ತಲೂ ಸಮನಾಗಿ ತಟ್ಟಿ ಹೊರಗೆ ತಳ್ಳಿ. ಹೊಸ ಕಪ್ ಕೂರಿಸುವಾಗಲೂ ಹಾಗೇ. ಪೂರ್ತಿ ಕೂತಾಗ ತಟ್ಟುವ ಸದ್ದು ಬದಲಾಗಿ ಗಡುಸಾಗುತ್ತದೆ. ಹಳೆಯ ಕಪ್ ಬಿಟ್ಟು ಬರೀ ರೋಲರ್ ಬದಲಿಸಿದರೆ ಹಾಕಿದ ಕೆಲಸವೆಲ್ಲ ವ್ಯರ್ಥ.

ಆಕ್ಸಲಿನ ಗುಂಡಗಿನ ಭಾಗ ತುಕ್ಕು ಹಿಡಿದು ಒರಟಾಗಿದ್ದರೆ ನುಣುಪು ಎಮರಿ ಕಾಗದದಿಂದ ಉಜ್ಜಿ. ಒರಟು ಮೇಲ್ಮೈ ಹೊಸ ಸೀಲನ್ನು ಒಂದೇ ಮಳೆಗಾಲದಲ್ಲಿ ತಿಂದುಹಾಕುತ್ತದೆ. ಆಕ್ಸಲ್ ಒಳ ಸೀಲನ್ನೂ ಈಗಲೇ ಬದಲಿಸಿ. ಆಮೇಲೆ, ನಕಲ್ ಹತ್ತಿಸುವ ಮೊದಲು, ನಕಲ್ ಸೀಲಿನ ರಿಂಗು, ಫೆಲ್ಟು, ರಬ್ಬರು ಎಲ್ಲವನ್ನೂ ಆಕ್ಸಲಿನ ಗುಂಡಿನ ಹಿಂದಕ್ಕೆ ತೂರಿಸಿಡಿ. ಇದನ್ನು ಮರೆತು ಎಲ್ಲ ಜೋಡಿಸಿ, ಕೊನೆಗೆ ರಿಂಗು ಕೈಯಲ್ಲೇ ಉಳಿದು, ಮತ್ತೆ ಪೂರ್ತಿ ಬಿಚ್ಚುವುದು ಈ ಕೆಲಸದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು.

ಈಗ ತಕ್ಕಡಿಯ ಸರದಿ. ಬೇರಿಂಗಿಗೆ ಗ್ರೀಸ್ ತುಂಬಿ, ಹಳೆಯ ಶಿಮ್ಮುಗಳೊಂದಿಗೆ ಎರಡೂ ಪಿನ್ ಹಾಕಿ, ಬೋಲ್ಟುಗಳನ್ನು 20–30 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಸೀಲನ್ನು ಇನ್ನೂ ಕಟ್ಟಿರಬಾರದು, ಶಾಫ್ಟೂ ಒಳಗಿರಬಾರದು, ಟೈ ರಾಡೂ ಸಿಕ್ಕಿಸಿರಬಾರದು. ನಕಲ್ಲಿನ ತೋಳಿನಲ್ಲಿ ಟೈ ರಾಡ್ ಕೂರುವ ತೂತಿಗೆ ತಕ್ಕಡಿಯ ಕೊಕ್ಕೆ ಹಾಕಿ, ತೋಳಿಗೆ ಲಂಬವಾಗಿ ಎಳೆಯಿರಿ. ನಕಲ್ ಅಲುಗಲು ಶುರುವಾಗುವಾಗ ತಕ್ಕಡಿ 1.0ರಿಂದ 1.8 ಕೆ.ಜಿ. ತೋರಿಸಬೇಕು. ಕಡಿಮೆ ತೋರಿಸಿದರೆ ಶಿಮ್ ತೆಗೆಯಿರಿ, ಹೆಚ್ಚು ತೋರಿಸಿದರೆ ಶಿಮ್ ಸೇರಿಸಿ. ತೆಗೆಯುವುದೂ ಸೇರಿಸುವುದೂ ಮೇಲೆ ಕೆಳಗೆ ಆದಷ್ಟೂ ಸಮನಾಗಿರಲಿ, ಇಲ್ಲದಿದ್ದರೆ ನಕಲ್ ಒಂದು ಕಡೆಗೆ ಸರಿದು ಸೀಲ್ ಓರೆಯಾಗಿ ಕೂರುತ್ತದೆ. ಬೇರಿಂಗ್ ಬದಲಿಸಿದ ನಂತರವೂ ನಡುಕ ಉಳಿಯಿತು ಎನ್ನುವವರಲ್ಲಿ ಬಹುಪಾಲು ಜನ ಬಿಟ್ಟಿರುವುದು ಈ ಒಂದು ಅಳತೆಯನ್ನೇ. ಕೈಗೆ ಬಿಗಿ ಅನ್ನಿಸಿತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಅಳತೆ ಸರಿ ಬಂದ ಮೇಲೆ ಬೋಲ್ಟುಗಳನ್ನು ಒಂದೊಂದಾಗಿ ತೆಗೆದು ಥ್ರೆಡ್ ಲಾಕ್ ಹಚ್ಚಿ ಮತ್ತೆ ಅದೇ ಬಿಗಿತಕ್ಕೆ ತನ್ನಿ. ಈ ಬೋಲ್ಟುಗಳು ಓಡಾಟದಲ್ಲಿ ಸಡಿಲವಾಗುವುದುಂಟು.

## ಹಂತ 5: ಮುಚ್ಚುವುದು, ಹಬ್ ಬೇರಿಂಗ್ ಬಿಗಿತ

ಶಾಫ್ಟ್ ಒಳಗೆ ಕಳಿಸುವಾಗ ಅದರ ಭಾರ ಸೀಲಿನ ತುಟಿಯ ಮೇಲೆ ಬೀಳದಂತೆ ಕೈಯಲ್ಲಿ ಎತ್ತಿ ಹಿಡಿಯಿರಿ. ಹೊಸ ಸೀಲ್ ಮೊದಲ ದಿನವೇ ಸೋರಲು ಕಾರಣ ಇದೇ. ಶಾಫ್ಟಿನ ಕೀಲಿಗೂ ನಕಲ್ಲಿನೊಳಕ್ಕೂ ಗ್ರೀಸ್ ತುಂಬಿ, ಸ್ಪಿಂಡಲ್ ಕೂರಿಸಿ, ಹಬ್ ಹತ್ತಿಸಿ.

ಹಬ್ ತಿರುಗಿಸುತ್ತಲೇ ನಟ್ಟನ್ನು ಸುಮಾರು 80 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಪೂರ್ತಿ ಸಡಿಲಿಸಿ, ಮತ್ತೆ 10–15 ನ್ಯೂಟನ್ ಮೀಟರಿಗೆ ತನ್ನಿ. ಚಕ್ರದ ಬೋಲ್ಟಿಗೆ ತಕ್ಕಡಿ ಸಿಕ್ಕಿಸಿ ಎಳೆದಾಗ 1ರಿಂದ 3 ಕೆ.ಜಿ.ಯಲ್ಲಿ ಹಬ್ ತಿರುಗಲು ಶುರುವಾಗಬೇಕು; ಬ್ರೇಕ್ ಪ್ಯಾಡ್ ಆಗ ಇರಬಾರದು. ಹೊಸ ಲಾಕ್ ವಾಷರಿನ ಕಿವಿ ಮಡಚುವುದನ್ನು ಮರೆಯಬೇಡಿ. 20 ಕಿ.ಮೀ. ಓಡಿಸಿ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಬಿಗಿತ ಹೆಚ್ಚಾಗಿದೆ, ಇಲ್ಲವೇ ಕ್ಯಾಲಿಪರ್ ಕಚ್ಚಿದೆ.

## ಹಂತ 6: ಸ್ಪ್ರಿಂಗ್ ಬುಷ್, ಯು ಬೋಲ್ಟ್

ಪ್ಲೇಟ್ ಸ್ಪ್ರಿಂಗಿನ ಬುಷ್ ಹೋದರೆ ಇಡೀ ಆಕ್ಸಲ್ಲೇ ಚಾಸಿಯ ಕೆಳಗೆ ಅತ್ತಿತ್ತ ಸರಿಯುತ್ತದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಪಕ್ಕಕ್ಕೆ ವಾಲಿದ್ದರೆ, ರಬ್ಬರ್ ಹೊರಗೆ ಉಬ್ಬಿದ್ದರೆ ಬದಲಿಸಿ. ರಬ್ಬರ್ ಬುಷ್ಷಿನ ನಟ್ಟುಗಳನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಮಾಡಬೇಕು. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟುವ ಯು ಬೋಲ್ಟ್ 60–80 ನ್ಯೂಟನ್ ಮೀಟರ್; 500 ಕಿ.ಮೀ. ನಂತರ ಮತ್ತೊಮ್ಮೆ ನೋಡಿ.

## ಹಂತ 7: ಎಣ್ಣೆ, ಕ್ರಾಸ್, ಟ್ರಾನ್ಸ್‌ಫರ್ ಕೇಸ್

ಮುಂದಿನ ಡಿಫರೆನ್ಷಿಯಲ್ಲಿಗೆ 2 ಲೀಟರ್, ಹಿಂದಿನದಕ್ಕೆ 1.5 ಲೀಟರ್ ಜಿಎಲ್-5 ದರ್ಜೆಯ ಗೇರ್ ಎಣ್ಣೆ. ಗೇರ್‌ಬಾಕ್ಸಿಗೆ 1.3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ) 0.8 ಲೀಟರ್ ಜಿಎಲ್-4. ಲೀಟರ್ ಲೆಕ್ಕಕ್ಕಿಂತ ತುಂಬುವ ತೂತಿನ ಕೆಳ ಅಂಚಿಗೆ ಎಣ್ಣೆ ಬಂದಿದೆಯೇ ಎಂಬುದೇ ಮುಖ್ಯ. ಇಳಿಸಿದ ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ಹಳ್ಳ ದಾಟುವಾಗ ನೀರು ಹೋಗಿದೆ. ಆಕ್ಸಲ್ ಮೇಲಿನ ಬ್ರೀದರ್ (ಗಾಳಿಯಾಡುವ ತೂತು) ಕೆಸರಿನಿಂದ ಕಟ್ಟಿದೆಯೇ ನೋಡಿ.

ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ರಬ್ಬರ್ ಮೌಂಟುಗಳ ಮೇಲೆ ತೂಗುತ್ತದೆ. ಮೌಂಟ್ ಹರಿದರೆ ಗೇರ್ ಬದಲಿಸುವಾಗ ಧಡ್ ಅನ್ನುತ್ತದೆ. ಶಕ್ತಿ ಸಾಗಿಸುವ ಉದ್ದ ಶಾಫ್ಟ್ ಮೂರಿವೆ, ಬಿಚ್ಚುವ ಮೊದಲು ಫ್ಲಾಂಜಿನ ಮೇಲೂ ಜಾರುವ ತುದಿಯ ಮೇಲೂ ಗುರುತು ಮಾಡಿ. ಗುರುತು ತಪ್ಪಿಸಿ ಜೋಡಿಸಿದರೆ ಹೊಸ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಹಾಕಿದರೂ ತಳದಿಂದ ಗುಯ್‌ಗುಡುವ ಕಂಪನ ಬರುತ್ತದೆ. ಈ ಕಂಪನ ಸೀಟಿಗೆ ತಟ್ಟುತ್ತದೆ, ಸ್ಟೀರಿಂಗಿಗಲ್ಲ. ಹಿಂದಿನ ಆಕ್ಸಲ್ ಬೇರಿಂಗ್ ಮಾತ್ರ ಪ್ರೆಸ್ ಇರುವ ಅಂಗಡಿಗೆ ಬಿಡಿ, ಮನೆಯಲ್ಲಿ ಬೇಡ.

## ಹಂತ 8: ಈಗ ಟೈರು

ಜಿಪ್ಸಿಯ ‘ಕಿಂಗ್’ ಮಾದರಿಯ ರೇಡಿಯಲ್ ಟೈರಿನ ಅಳತೆ 205/70 ಆರ್15. ವ್ಯಾಸ 668 ಮಿ.ಮೀ. ಎಲ್ಲರ ಕಣ್ಣೂ 215/75 ಅಥವಾ 235/75 ಮೇಲೆ ಇರುತ್ತದೆ. ಲೆಕ್ಕ ಹಾಕಿ ನೋಡಿ:

- 215/75 ಆರ್15: ವ್ಯಾಸ ಸುಮಾರು 703 ಮಿ.ಮೀ., ಅಂದರೆ ಶೇ. 5ರಷ್ಟು ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ಓಟ 63.
- 235/75 ಆರ್15: ವ್ಯಾಸ ಸುಮಾರು 733 ಮಿ.ಮೀ., ಶೇ. 10ರ ಹತ್ತಿರ ದೊಡ್ಡದು. 60 ತೋರಿಸುವಾಗ ಓಟ 66. ಮೂಲದ 5.5 ಇಂಚಿನ ರಿಮ್ಮಿಗೆ ಇದು ಅಗಲ ಹೆಚ್ಚು, ಪೂರ್ತಿ ತಿರುಗಿಸಿದಾಗ ಸ್ಪ್ರಿಂಗಿಗೂ ಬಾಡಿಗೂ ತಾಗುತ್ತದೆ.

ಚಕ್ರ ದೊಡ್ಡದಾದಷ್ಟೂ ಘಾಟಿಯಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಬ್ರೇಕಿಗೆ ಭಾರ ಹೆಚ್ಚುತ್ತದೆ, ಈಗಷ್ಟೇ ಸರಿ ಮಾಡಿದ ಕಿಂಗ್ ಪಿನ್ನಿಗೆ ಹೊಡೆತ ಬೀಳುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಅದು ಎದುರಾಗುತ್ತದೆ. ಮೂಲ ಅಳತೆಯಲ್ಲೇ ಉಳಿಯಿರಿ ಎಂಬುದೇ ನಮ್ಮ ಖಚಿತ ಸಲಹೆ. ವೀಲ್ ಸ್ಪೇಸರ್ ಅಂತೂ ಬೇಡವೇ ಬೇಡ.

ಮಾದರಿಯ ಆಯ್ಕೆ ನೀವು ಓಡಾಡುವ ಮಣ್ಣಿನ ಮೇಲೆ. ಹೆಚ್ಚಿನ ಓಟ ಡಾಂಬರಿನ ಮೇಲಾದರೆ ಎಚ್.ಟಿ. (ಹೈವೇ ಟೆರೇನ್). ಮಲೆನಾಡು, ಕೊಡಗಿನ ತೋಟದ ದಾರಿ, ಜಂಬಿಟ್ಟಿಗೆ ಮಣ್ಣು, ಜಲ್ಲಿ, ಜೊತೆಗೆ ಪೇಟೆಗೂ ಹೋಗಬೇಕು ಎಂದರೆ ಎ.ಟಿ. (ಆಲ್ ಟೆರೇನ್). ಬಯಲುಸೀಮೆಯ ಎರೆಮಣ್ಣು ಮಾತ್ರ ಬೇರೆಯೇ ಕಥೆ. ಮಳೆ ಬಿದ್ದ ಎರೆಮಣ್ಣು ಎ.ಟಿ. ಟೈರಿನ ಸಂದುಗಳನ್ನು ನಾಲ್ಕು ಸುತ್ತಿನಲ್ಲಿ ತುಂಬಿ ಟೈರನ್ನು ಬೋಳು ಮಾಡಿಬಿಡುತ್ತದೆ. ಅಗಲ ಸಂದಿನ ಎಂ.ಟಿ. (ಮಡ್ ಟೆರೇನ್) ಟೈರು ತಿರುಗುವಾಗ ಮಣ್ಣನ್ನು ಹೊರಗೆ ಎಸೆಯುತ್ತದೆ. ಆದರೆ ಒದ್ದೆ ಡಾಂಬರಿನ ಮೇಲೆ ಎಂ.ಟಿ.ಯ ಹಿಡಿತ ಕಡಿಮೆ, ಬ್ರೇಕ್ ಒತ್ತಿದಾಗ ಜಾಸ್ತಿ ದೂರ ಜಾರುತ್ತದೆ. ವರ್ಷಕ್ಕೆ ಎರಡು ದಿನದ ಕೆಸರಿಗಾಗಿ ಅದನ್ನು ಹಾಕಬೇಡಿ.

ಕೊಳ್ಳುವಾಗ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ಓದಿ. 3524 ಎಂದಿದ್ದರೆ 2024ರ 35ನೇ ವಾರದಲ್ಲಿ ಆದದ್ದು. ಈ ಅಳತೆಗೆ ಗಿರಾಕಿ ಕಡಿಮೆಯಾದ್ದರಿಂದ ಅಂಗಡಿಯಲ್ಲಿ ಹಳೆಯ ಸರಕು ಉಳಿದಿರುತ್ತದೆ. ಒಂದು ವರ್ಷಕ್ಕಿಂತ ಹಳೆಯದಾದರೆ ಬಿಡಿ. ರೇಡಿಯಲ್ ಜೊತೆಗೆ ಹಳೆಯ ಬಯಾಸ್ (ಒಳಗಿನ ದಾರ ಓರೆಯಾಗಿ ಹೆಣೆದ) ಟೈರ್ ಬೆರೆಸಬೇಡಿ. ಟ್ಯೂಬ್‌ಲೆಸ್ ಹಾಕುವುದಾದರೆ ರಿಮ್ ಅದಕ್ಕೆಂದೇ ಮಾಡಿದ್ದಾಗಿರಬೇಕು, ಅಂಚಿನಲ್ಲಿ ತುಕ್ಕು ಇರಬಾರದು.

ಐದೂ ಟೈರು ಒಂದೇ ಕಂಪನಿ, ಒಂದೇ ಮಾದರಿಯದ್ದಾಗಿರಲಿ, ಸ್ಟೆಪ್ನಿಯೂ ಸೇರಿ. ಜಿಪ್ಸಿಯಲ್ಲಿ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ) ಹಾಕಿದಾಗ ಮುಂದಿನ ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ಕಟ್ಟಿಕೊಳ್ಳುತ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ಮುಂದೆ 8 ಮಿ.ಮೀ. ಹಲ್ಲಿನ ಹೊಸ ಟೈರು, ಹಿಂದೆ 3 ಮಿ.ಮೀ. ಉಳಿದ ಹಳೆಯದು ಎಂದಿಟ್ಟುಕೊಳ್ಳಿ: ಸುತ್ತಳತೆಯಲ್ಲಿ 31 ಮಿ.ಮೀ. ವ್ಯತ್ಯಾಸ, ಒಂದು ಕಿಲೋಮೀಟರಿಗೆ 15 ಮೀಟರ್. ಆ 15 ಮೀಟರನ್ನು ಟೈರು ಜಾರಿ ತೀರಿಸಬೇಕು, ಇಲ್ಲವೇ ಗೇರು ತಿರುಚಿಕೊಂಡು ತಿನ್ನಬೇಕು. ಟೈರು ಸಮನಾಗಿದ್ದರೂ ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು, ಯಾಕೆಂದರೆ ತಿರುವಿನಲ್ಲಿ ಇದೇ ವ್ಯತ್ಯಾಸ ಹುಟ್ಟುತ್ತದೆ. ಫೋರ್ ವೀಲ್ ಲಿವರ್ ಬಿಡಿಸಲು ಬಾರದಷ್ಟು ಬಿಗಿಯಾಗಿದ್ದರೆ ಅದೇ ಎಚ್ಚರಿಕೆ. ನೇರವಾಗಿ ಸ್ವಲ್ಪ ಹಿಂದಕ್ಕೆ ಹೋದರೆ ಬಿಡುತ್ತದೆ.

ಪ್ರತಿ 8,000 ಕಿ.ಮೀ.ಗೆ ಸ್ಟೆಪ್ನಿಯನ್ನೂ ಸೇರಿಸಿ ಜಾಗ ಬದಲಿಸುತ್ತಿರಿ. ಹಲ್ಲು 1.6 ಮಿ.ಮೀ.ಗೆ ಇಳಿಯುವುದು ಕಾನೂನಿನ ಮಿತಿ. ಮಳೆನಾಡಿನಲ್ಲಿ 3 ಮಿ.ಮೀ.ಗೇ ಬದಲಿಸಿ. ಚಕ್ರದ ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ 50–80 ನ್ಯೂಟನ್ ಮೀಟರಿಗೆ ಬಿಗಿದು, 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡಿ.

## ಹಂತ 9: ಟೋ ಅಳತೆ, ರಸ್ತೆ ಪರೀಕ್ಷೆ

ಬ್ಯಾಲೆನ್ಸಿಂಗ್ ಮಾಡಿಸಿ, ಗಾಳಿಯ ಒತ್ತಡ ಬಾಗಿಲ ಬಳಿಯ ಪಟ್ಟಿಯಲ್ಲಿ ಇದ್ದಂತೆ ತುಂಬಿ, ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ ನಾಲ್ಕು ಮೀಟರ್ ಮುಂದಕ್ಕೆ ತಳ್ಳಿ. ಮುಂದಿನ ಟೈರುಗಳ ನಡುಗೆರೆಗೆ ಸುಣ್ಣದ ಗುರುತು ಹಾಕಿ, ಹಬ್ಬಿನ ಎತ್ತರದಲ್ಲಿ ಮುಂಭಾಗದ ಅಂತರ ಅಳೆಯಿರಿ. ಅದೇ ಗುರುತು ಹಿಂದಕ್ಕೆ ಬರುವಂತೆ ಅರ್ಧ ಸುತ್ತು ತಳ್ಳಿ ಮತ್ತೆ ಅಳೆಯಿರಿ. ಮುಂಭಾಗದ ಅಂತರ 2ರಿಂದ 6 ಮಿ.ಮೀ. ಕಡಿಮೆ ಇರಬೇಕು. ಇಲ್ಲದಿದ್ದರೆ ಎರಡೂ ಲಾಕ್ ನಟ್ ಸಡಿಲಿಸಿ ಟೈ ರಾಡನ್ನೇ ತಿರುಗಿಸಿ ಹೊಂದಿಸಿ, ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಖಾಲಿ ರಸ್ತೆಯಲ್ಲಿ 40, 50, 60, 70ಕ್ಕೆ ಹಂತ ಹಂತವಾಗಿ ಏರಿಸಿ. 70ರ ಆಸುಪಾಸಿನಲ್ಲಿ ಮಾತ್ರ ಸಣ್ಣ ಒಂದೇ ಸಮನೆ ಕಂಪನ ಬಂದರೆ ಬ್ಯಾಲೆನ್ಸಿಂಗ್ ಅಥವಾ ಡೊಂಕಾದ ರಿಮ್. ಗುಂಡಿ ತಾಗಿದಾಗ ಮಾತ್ರ ಒದ್ದಾಟ ಶುರುವಾದರೆ ಹಂತ 1ಕ್ಕೆ ಮರಳಿ, ಬ್ರೇಕ್ ಒತ್ತಿಸಿ ಮತ್ತೆ ಪರೀಕ್ಷಿಸಿ. 1,000 ಕಿ.ಮೀ. ಕಳೆದ ಮೇಲೆ ಚಕ್ರ ಎತ್ತಿ ಕಿಂಗ್ ಪಿನ್ ಬೋಲ್ಟುಗಳಿಗೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ, ಟೈರಿನ ಮೇಲೆ ಅಡ್ಡಕ್ಕೆ ಅಂಗೈ ಸವರಿ ನೋಡಿ. ಒಳಗಿನಿಂದ ಹೊರಕ್ಕೆ ನುಣುಪಾಗಿ, ಹೊರಗಿನಿಂದ ಒಳಕ್ಕೆ ಚೂಪಾಗಿ ತಾಗಿದರೆ ಟೋ ಇನ್ನೂ ತಪ್ಪಿದೆ.